ಧಾರಾವಾಹಿಯ ಗೆಳತಿ

ಗಿರಿಜಾ, ಧಾರಾವಾಹಿಯಲ್ಲಿ ತೋರಿಸಿದ್ದೇ ನಿಜ. ನಿನ್ನ ಕಾದಂಬರಿಯಲ್ಲಿರುವುದು ಸುಳ್ಳು — ನೀನು ಹೇಳಿದ ಸುಳ್ಳಲ್ಲ, ನಾನು ಸುಮ್ಮನಿದ್ದು ನಿನ್ನಿಂದ ಬರೆಸಿದ ಸುಳ್ಳು. ಅಂದು ನಿನ್ನ ಅಪ್ಪನಿಗೆ ಹೇಳಿದವಳು ನಾನು.

ಕಳೆದ ತಿಂಗಳು ಸೊಲ್ಲಾಪುರದ ಓದುಗರ ಸಭೆಯಲ್ಲಿ ನಿನ್ನ ಪುಸ್ತಕವನ್ನೂ ಅದರ ಮರಾಠಿ ಧಾರಾವಾಹಿಯನ್ನೂ ಹೋಲಿಸಿ ಮಾತಾಡಲು ನನ್ನನ್ನೇ ಕರೆದಿದ್ದರು. ಒಪ್ಪಿಕೊಂಡೆ. ಪುಸ್ತಕದಲ್ಲಿ ಹದಿನೇಳರ ಹುಡುಗಿ ಕರಜಗಿಯಿಂದ ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟೆಯ ಕಾಲೇಜಿಗೆ ಬರುತ್ತಾಳೆ. ಧಾರಾವಾಹಿಯಲ್ಲಿ ಅವಳಿಗೊಂದು ಬಂಗಲೆ, ಮನೆಬಾಗಿಲಿಗೆ ಕಾರು. ಪುಸ್ತಕದಲ್ಲಿ ಅವಳು ಪ್ರೀತಿಸಿದ ಹುಡುಗ ಬಸ್ ನಿಲ್ದಾಣದಲ್ಲಿ ಗೆಳೆಯರ ಮುಂದೆ ಜಂಬ ಕೊಚ್ಚಿ ಇಬ್ಬರ ಗುಟ್ಟು ಬಯಲು ಮಾಡುತ್ತಾನೆ. ಧಾರಾವಾಹಿಯಲ್ಲಿ ಗೆಳತಿಯೇ ಹೋಗಿ ಅಪ್ಪನ ಕಿವಿಯಲ್ಲಿ ಹೇಳುತ್ತಾಳೆ. "ಇದು ಕಾದಂಬರಿಗೆ ಬಗೆದ ದ್ರೋಹ" ಎಂದು ಮೈಕಿನ ಮುಂದೆ ನಿಂತು ಹೇಳಿದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ನೀನು ಕಣ್ಣೊರೆಸಿಕೊಳ್ಳುತ್ತಿದ್ದೆ.

ಆಮೇಲೆ ಮೆಟ್ಟಿಲ ಹತ್ತಿರ ನನ್ನ ಕೈ ಹಿಡಿದುಕೊಂಡು ಹೇಳಿದೆಯಲ್ಲ — "ಸುಜಾತಾ, ನನ್ನ ಬಸ್ಸು ತಗದ್ರು, ನನ್ನ ಊರು ತಗದ್ರು, ಹೋಗ್ಲಿ ಅಂದೆ. ಖರೆ ನಿನ್ನ ಹಿಂಗ ಮಾಡ್ಯಾರಲ್ಲ, ಅದನ್ನ ತಡಕೊಳ್ಳಾಕ ಆಗವಲ್ದು. ನಂಬಿ ಪುಸ್ತಕ ಕೊಟ್ಟೆ, ಮೋಸ ಮಾಡಿದ್ರು. ಒಮ್ಮೆ ಶಿವಾನಂದ ಬಾಯಿ ಬಿಟ್ಟು ಮೋಸ ಮಾಡಿದ, ಈಗ ಇವ್ರು. ನೀ ಒಬ್ಬಾಕಿ ಉಳದೀ ನೋಡು ನನಗ."

ನಾನು ನಿನ್ನ ಬೆನ್ನು ಸವರಿದೆ.

ಅಕ್ಕಲಕೋಟೆಯಲ್ಲಿ ನಮ್ಮ ಬಟ್ಟೆ ಅಂಗಡಿ ನಿನಗೆ ನೆನಪಿರಬೇಕು. ಹನ್ನೆರಡನೇ ತರಗತಿಯ ವರ್ಷ, ಸಂತೆಯ ದಿನ, ನಿನ್ನ ಅಪ್ಪ ಧೋತರ ಕೊಳ್ಳಲು ಬಂದಿದ್ದರು. ನಮ್ಮ ಅಪ್ಪ ಊಟಕ್ಕೆ ಹೋಗಿದ್ದರಿಂದ ಗಾದಿಯ ಮೇಲೆ ನಾನಿದ್ದೆ.

"ಗಿರಿಜಾ ಬರೋಬ್ಬರಿ ಕಾಲೇಜಿಗಿ ಬರ್ತಾಳಲ್ಲವ್ವಾ?" ಎಂದು ಕೇಳಿದರು. ಅನುಮಾನದಿಂದಲ್ಲ, ಮಗಳ ಗೆಳತಿಯೊಂದಿಗೆ ಆಡಲು ಅವರಿಗೆ ಬೇರೆ ಮಾತು ಇರಲಿಲ್ಲ.

"ಬರ್ತಾಳ್ರಿ ಕಾಕಾ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವರು ಧೋತರದ ಅಂಚು ನೋಡುತ್ತಿದ್ದರು. ನಾನೇ ಮುಂದುವರಿಸಿದೆ — "ಶನಿವಾರ ಅಷ್ಟ ಬರಂಗಿಲ್ರಿ. ಕುರನೂರ ಡ್ಯಾಮಿಗಿ ಹೋಗ್ತಾಳ, ಶಿವಾನಂದನ ಗಾಡಿ ಮ್ಯಾಲ."

ಧೋತರವನ್ನು ಮಡಿಚಿ, ಇದ್ದ ಜಾಗದಲ್ಲೇ ಇಟ್ಟು, ಅವರು ಎದ್ದು ಹೋದರು.

ಮರುದಿನದಿಂದ ನೀನು ಬಸ್ಸು ಹತ್ತಲಿಲ್ಲ. ಪರೀಕ್ಷೆಗೆ ಕೂರಲಿಲ್ಲ. ಬೇಸಿಗೆಯೊಳಗೆ ಬೋರಾಮಣಿ ಊರಿಗೆ ಕೊಟ್ಟು ಮದುವೆ ಮಾಡಿಬಿಟ್ಟರು. ಆ ಮದುವೆಯಲ್ಲಿ ನಿನ್ನ ಸೆರಗು ಸರಿಮಾಡಿದವಳೂ ನಾನೇ.

ಯಾಕೆ ಹೇಳಿದೆ? ಗೆಳತಿಗೂ ಅದೇ ಹುಡುಗನ ಮೇಲೆ ಮನಸ್ಸಿತ್ತು ಎಂದು ಧಾರಾವಾಹಿಯವರು ತೋರಿಸಿದ್ದಾರೆ. ನನ್ನ ವಿಷಯದಲ್ಲಿ ಅವರು ತಪ್ಪಿದ್ದು ಅದೊಂದರಲ್ಲೇ. ನನಗೆ ಶಿವಾನಂದ ಬೇಕಾಗಿರಲಿಲ್ಲ, ನೀನು ಬೇಕಾಗಿದ್ದೆ. ಅವನು ಬರುವ ಮೊದಲು ಇಬ್ಬರೂ ಒಂದೇ ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ತಿನ್ನುತ್ತಿದ್ದೆವು. ಆಮೇಲೆ ನೀನು ಚೀಲವನ್ನು ನನ್ನ ಕೈಗೆ ಕೊಟ್ಟು "ನನ್ನ ಹಾಜರಿ ಹೇಳವಾ" ಎಂದು ಓಡುತ್ತಿದ್ದೆ. ನಾನು ಎರಡೆರಡು ಸಲ ಹಾಜರಿ ಕೂಗಿ ಒಬ್ಬಳೇ ಕೂತಿರುತ್ತಿದ್ದೆ... ಇಷ್ಟೇ. ಇದಕ್ಕಾಗಿ ಒಬ್ಬಳ ಓದು ಕಿತ್ತುಕೊಂಡೆ ಎಂದು ಬರೆಯುವಾಗ ನನಗೇ ನಂಬಿಕೆಯಾಗುವುದಿಲ್ಲ.

ಇನ್ನೊಂದಿದೆ. ನಿನ್ನ ಮದುವೆಗೆ ಮೊದಲು ಶಿವಾನಂದ ಅಂಗಡಿಗೆ ಬಂದಿದ್ದ. ನಿನ್ನ ಕಾಕಂದಿರು ಹೊಡೆದಿದ್ದರಿಂದ ಬಲಗೈಗೆ ಪಟ್ಟಿ ಇತ್ತು. ಒಳಗೆ ಬರದೆ ಕಟ್ಟೆಯ ಕೆಳಗೇ ನಿಂತು ಅಂದ: "ನಾ ಯಾರ ಮುಂದೂ ಬಾಯಿ ಬಿಟ್ಟಿಲ್ರಿ. ಗಿರಿಜಾಗ ಇಷ್ಟ ಹೇಳ್ರಿ, ಮತ್ತೇನೂ ಬ್ಯಾಡ." ಹೇಳುತ್ತೇನೆ ಎಂದು ತಲೆಯಾಡಿಸಿದೆ. ಇಪ್ಪತ್ತೆರಡು ವರ್ಷ ಹೇಳಲಿಲ್ಲ. ನೀನು ಅವನನ್ನು ಬಾಯಿಬಡುಕನನ್ನಾಗಿ ಬರೆದೆ. ಹಸ್ತಪ್ರತಿ ಮೊದಲು ಓದಿದವಳು ನಾನು, ಒಂದು ಕಾಗುಣಿತವನ್ನು ತಿದ್ದಿದೆ, ಆ ಸುಳ್ಳನ್ನು ತಿದ್ದಲಿಲ್ಲ.

ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಧಾರಾವಾಹಿಯ ಗೆಳತಿಯನ್ನು ನೋಡುತ್ತ, "ಮಮ್ಮೀ, ಈ ಮೈತ್ರೀಣ ಎಷ್ಟ ಕೆಟ್ಟಾಕಿ ಇದ್ದಾಳ! ಪುಸ್ತಕದಾಗೂ ಹಿಂಗ ಅದೇನು?" ಎಂದಳು. ನಾನು ಪುಸ್ತಕ ತಂದು ಆ ಅಧ್ಯಾಯ ಓದಿ ಹೇಳಿದೆ. ಅವಳು ಯೋಚಿಸಿ ಅಂದಳು — "ಹಂಗಾದ್ರ ಆ ಹುಡುಗ ಕೆಟ್ಟವ. ಗಿರಿಜಾ ಮಾವಶಿ ಪಾಪ, ಅವನ್ನ ನಂಬಿದ್ಲು."

ಪುಸ್ತಕ ಕೈಯಲ್ಲೇ ಇತ್ತು, ಮುಂದೆ ಓದಲಾಗಲಿಲ್ಲ. "ಕೆಟ್ಟವ ಅವ ಅಲ್ಲವಾ" ಎಂದೆ, ಎಲ್ಲವನ್ನೂ ಹೇಳಿದೆ. ಅವಳು ಟಿವಿ ಆರಿಸಿದಳು. ಆ ದಿನ ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ಶಿವಾನಂದ ಈಗ ಎಲ್ಲಿದ್ದಾನೋ ಗೊತ್ತಿಲ್ಲ, ಕುರನೂರಿನಲ್ಲಿ ವಿಚಾರಿಸುತ್ತೇನೆ. ಎರಡನೇ ಮುದ್ರಣ ಬರುತ್ತದೆ ಎಂದಿದ್ದೆಯಲ್ಲ, ಅವನ ಬಾಯಿಂದ ಆ ಮಾತು ತೆಗೆದು ನನ್ನ ಬಾಯಿಗೆ ಹಾಕು. ನನ್ನ ನಿಜವಾದ ಹೆಸರನ್ನೇ ಬರೆ, ನಾನು ಬೇಡ ಎನ್ನುವುದಿಲ್ಲ.

ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೋರಾಮಣಿಗೆ ಬಂದು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೂ ಎದುರಿಗೇ ಕೂತಿರುತ್ತೇನೆ.