ಟ್ರಾನ್ಸ್‌ಫರ್ ಕೇಸು

ಮನೆಯವರ ಪ್ಯಾಂಟನ್ನು ಸೋಪಿನ ನೀರಿಗೆ ಅದ್ದುತ್ತಿದ್ದೆ. ಗೇರ್ ಆಯಿಲ್ ತಾಗಿದ ಬಟ್ಟೆಗೆ ಕೊಳೆತ ಬೆಳ್ಳುಳ್ಳಿಯಂಥ ಒಂದು ವಾಸನೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಆಗಲೇ ಅವರು ಫೋನು ಹಿಡಿದುಕೊಂಡು ಹಿತ್ತಿಲಿಗೆ ಬಂದು, "ಯಲ್ಲಾಪುರದ ಸಾಹೇಬ್ರು ತೀರಿ ಹೋದ್ವಡ" ಎಂದರು. ನನ್ನ ಕೈ ನೀರಿನಲ್ಲೇ ಉಳಿಯಿತು...

ಸಾಹೇಬರು ನಮ್ಮ ಜೀಪಿನ ಮೆಕ್ಯಾನಿಕ್. ಅವರನ್ನು ನೆನೆದರೆ ಮೊದಲು ನನ್ನ ದಡ್ಡತನವೇ ನೆನಪಾಗುತ್ತದೆ.

ಆಗ ನಾನು ಎಂಟು ತಿಂಗಳ ಬಸುರಿ. ಮನೆ ಅರಬೈಲ್ ಘಟ್ಟದ ಬದಿಯ ಏರಿನ ಮೇಲೆ. ನಾಲ್ಕೂ ಚಕ್ರ ಎಳೆಯುವ ಜೀಪು ಬಿಟ್ಟರೆ ಬೇರೆ ಗಾಡಿ ಹತ್ತುತ್ತಿರಲಿಲ್ಲ. ಶಾಲೆ ಮಾಸ್ತರರಾದ ನಮ್ಮವರು ಸಿದ್ದಾಪುರದ ಕಡೆಗೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ಒಂದು ಮಧ್ಯಾಹ್ನ ಅವರ ಫೋನು: "ಟ್ರಾನ್ಸ್‌ಫರ್ ಕೇಸ್ ಹೋತು ಮಾರಾಯ್ತಿ." ಅಷ್ಟೇ ಹೇಳಿ ಇಟ್ಟರು. ವರ್ಗ ತಪ್ಪಿತೆಂದು ನಾನು ದೇವರ ಮುಂದೆ ಕೂತು ಅತ್ತುಬಿಟ್ಟೆ. ಸಂಜೆ ಏರು ನಡೆದು ಬಂದವರು ಬಿದ್ದು ಬಿದ್ದು ನಕ್ಕರು. "ವರ್ಗದ್ದಲ್ದೇ, ಜೀಪಿಂದು!" ಜೀಪಿನಡಿಯ ಗೇರ್ ಪೆಟ್ಟಿಗೆಯೊಂದಕ್ಕೂ ಅದೇ ಹೆಸರಂತೆ.

ನಕ್ಕು ಮುಗಿದ ಮೇಲೆ ಚಿಂತೆ ಹತ್ತಿಕೊಂಡಿತು. ಜೀಪಿಲ್ಲದೆ ಹೆರಿಗೆಗೆ ಇಳಿಯುವುದು ಹೇಗೆ?

ಎಂಟು ದಿನ ಬಿಟ್ಟು ಸಾಹೇಬರೇ ಜೀಪನ್ನು ಏರು ಹತ್ತಿಸಿಕೊಂಡು ಅಂಗಳಕ್ಕೆ ತಂದರು. ನನ್ನನ್ನು ಅಳಿಸಿದ ಆ ಕೇಸಿನೊಳಗೆ ಎಂತ ಉಂಟು ಅಂತ ನನಗೆ ತಡೆಯದ ಕುತೂಹಲ. ಕೇಳಿಯೇಬಿಟ್ಟೆ.

"ನಿಮ್ಮ ಊಟದ ಪಂಕ್ತಿ ನೆನಸ್ರಿ ಅಕ್ಕಾ. ಇಂಜಿನ್ನು ಅಡುಗಿ ಭಟ್ರು. ಈ ಪೆಟ್ಟಿಗಿ ಬಡಿಸೋರು. ಮುಂದಿನ ಚಕ್ರಕ್ಕೂ ಬಡಿಸಬೇಕು, ಹಿಂದಿನದಕ್ಕೂ ಬಡಿಸಬೇಕು. ಬಡಿಸೋರ ಸೊಂಟಾನೇ ಮುರದಿತ್ತು."

ಸವೆದ ಬೇರಿಂಗುಗಳನ್ನು ಬದಲಿಸಿದ್ದರು. ಅಷ್ಟಕ್ಕೇ ಬಿಡದೆ, ಪೆಟ್ಟಿಗೆಯ ತೂತನ್ನು ಲೇತ್ ಯಂತ್ರದಲ್ಲಿ ಅಗಲ ಮಾಡಿಸಿ, ನಡುವಿನ ತೆಳು ಶಾಫ್ಟಿನ ಬದಲು ದಪ್ಪದ್ದು ಕೂರಿಸಿದ್ದರು. ಸೀಟುಗಳ ನಡುವಿನ ತಗಡು ಬಿಚ್ಚಿ ಪೆಟ್ಟಿಗೆ ತೋರಿಸಿದರು.

"ಕೈ ಇಡ್ರಿ. ನಿಮ್ಮ ದೇವರ ಹೆಸರು ಹತ್ತು ಸಲ ಹೇಳ್ರಿ. ಅದರೊಳಗ ಕೈ ಸುಟ್ರ ಬೇರಿಂಗು ಸರಿ ಕೂತಿಲ್ಲ ಅಂತ."

"ನೀವೇ ನೋಡಿದ್ರೆ ಸಾಕಲ್ಲ?"

"ನಾ ನಮ್ಮ ದೇವರ ಹೆಸರು ಹೇಳಿ ನೋಡೀನಿ. ಕೇಸಿಗೆ ಎರಡು ಸಾಕ್ಷಿ ಇರ್ಲಿ!"

ನಾನು ಅತ್ತ ಸುದ್ದಿ ಗ್ಯಾರೇಜಿಗೂ ಮುಟ್ಟಿತ್ತು! ನಾಚಿಕೆಯಿಂದಲೇ ಕೈ ಇಟ್ಟೆ. ಗಣಪ, ಗಣಪ... ಅಂಗೈ ಬೆವರಿತು. ಹತ್ತಾದರೂ ತೆಗೆಯಬೇಕೆನಿಸಲಿಲ್ಲ.

ಮೂರು ವಾರಕ್ಕೆ ನೋವು ಶುರುವಾಯಿತು. ಆ ಇಳಿಜಾರಿನಲ್ಲಿ ಜೀಪು ಒಮ್ಮೆಯೂ ಜಾರದೆ, ಎಮ್ಮೆಯ ಹಾಗೆ ಹೆಜ್ಜೆ ಊರಿ ಇಳಿಯಿತು. ಆಸ್ಪತ್ರೆ ಮುಟ್ಟಿದ ಮೇಲೆಯೇ ಮಗಳು ಹುಟ್ಟಿದಳು. ಈಗ ಅವಳೇ ಆ ಜೀಪು ಕಲಿಯುತ್ತಿದ್ದಾಳೆ. ವರ್ಗ ಇವತ್ತಿಗೂ ಆಗಿಲ್ಲ. ಎಣ್ಣೆ ಬದಲಿಸುವುದು ಬಿಟ್ಟರೆ ಆ ಪೆಟ್ಟಿಗೆಯನ್ನು ಮತ್ತೆ ಮುಟ್ಟಬೇಕಾಗಿಯೂ ಬಂದಿಲ್ಲ. ದೇವರು ಕೊಟ್ಟದ್ದನ್ನು ಎಣಿಸುವಾಗ ಅದನ್ನೂ ಎಣಿಸುತ್ತೇನೆ. ಮಗಳನ್ನು ಒಮ್ಮೆ ಸಾಹೇಬರ ಹತ್ತಿರ ಕರೆದುಕೊಂಡು ಹೋಗಬೇಕು ಎಂದುಕೊಳ್ಳುತ್ತಲೇ ಇದ್ದೆ...

ಪ್ಯಾಂಟು ಹಿಂಡಿ ಒಣಗಿಸಿದೆ. ಒಳಗೆ ದೋಸೆಗೆ ಹಾಕಿದ ಗ್ರೈಂಡರು ತಿರುಗುತ್ತಿತ್ತು. ಯಾಕೋ ಅದರ ಮೋಟಾರಿನ ಮೇಲೆ ಅಂಗೈ ಇಟ್ಟೆ. ಗಣಪ, ಗಣಪ... ಏಳಕ್ಕೇ ಕೈ ತೆಗೆಯಬೇಕಾಯಿತು. ಬೇರಿಂಗೇ ಇರಬೇಕು. ಕೇಳುವುದಾದರೂ ಯಾರನ್ನು?

ಗ್ರೈಂಡರು ನಿಲ್ಲಿಸಿ, ಉಳಿದ ಉದ್ದನ್ನು ಒರಳಿಗೆ ಹಾಕಿ ತಿರುವುತ್ತ ಕೂತೆ.