ರಾಣಿಯ ಪಾಸು

ನನಗೆ ಸ್ವಂತ ದನಿಯೆಂಬುದಿಲ್ಲ. ಇದ್ದರೂ ಅದನ್ನು ಯಾರೂ ಕೇಳಿದ್ದಿಲ್ಲ, ನಾನೂ ಸೇರಿ. ಯಲ್ಲಾಪುರದ ಪೇಟೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, “ಮಾಣಿ, ಹೆಡ್‌ಮಾಸ್ತರ್ರು ಕೆಮ್ಮಿದ ಹಂಗೆ ಕೆಮ್ಮು” ಎನ್ನುತ್ತಾರೆ. ಕೆಮ್ಮುತ್ತೇನೆ. ಮ್ಯಾಟ್ರಿಕ್ ಪಾಸಾಗಿಯೂ ನೌಕರಿ ಸಿಗದೆ ಸೋದರಮಾವನ ಮನೆಯಲ್ಲಿ ಉಂಡುಕೊಂಡಿರುವವನಿಗೆ ಕೆಮ್ಮುವುದಾದರೂ ಒಂದು ಉದ್ಯೋಗ ಬೇಡವೆ?

ಹಾಗೆ ಉಣ್ಣುತ್ತಿದ್ದ ದಿನಗಳಲ್ಲಿ, ಶಿರಸಿಯ ವಾಚನಾಲಯದಿಂದ ತಂದ ರಟ್ಟು ಕಿತ್ತ ಪುಸ್ತಕವೊಂದರಲ್ಲಿ ಒಬ್ಬ ಆಂಗ್ಲ ನಾವಿಕ ನನಗೆ ಗಂಟುಬಿದ್ದ. ಹೆಸರು ಬರೆಯುವುದಿಲ್ಲ. ನಮ್ಮ ಇತಿಹಾಸದ ಮಾಸ್ತರರು ಅದನ್ನು ಒಂದೊಂದು ದಿನ ಒಂದೊಂದು ರೀತಿ ಉಚ್ಚರಿಸುತ್ತಿದ್ದರು. ಅವುಗಳಲ್ಲಿ ಸರಿ ಯಾವುದೆಂದು ತೀರ್ಮಾನವಾಗುವ ತನಕ ಆತ ಬರೀ ನಾವಿಕನಾಗಿಯೇ ಇರಲಿ.

ಈ ಪುಣ್ಯಾತ್ಮ ಹಡಗಿನಲ್ಲಿ ಭೂಮಂಡಲವನ್ನೇ ಸುತ್ತಿ ಬಂದ. ಮಾಸ್ತರರು ಕಲಿಸಿದ್ದು ಅಷ್ಟು. ದಾರಿಯುದ್ದಕ್ಕೂ ಸ್ಪೇನಿನವರ ಹಡಗುಗಳನ್ನು ದೋಚುತ್ತ ಸುತ್ತಿದ ಎಂಬುದನ್ನು ಪುಸ್ತಕ ಹೇಳಿತು. ಒಮ್ಮೆ ದಡಕ್ಕಿಳಿದರೆ, ಬೆಳ್ಳಿಗಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬ ನಿದ್ದೆಹೊಡೆಯುತ್ತಿದ್ದನಂತೆ. ಅವನನ್ನು ಎಬ್ಬಿಸುವ ಪಾಪ ಬೇಡವೆಂದು ಬೆಳ್ಳಿಯನ್ನಷ್ಟೇ ಎತ್ತಿಕೊಂಡು ಬಂದರಂತೆ! ಹಡಗಿನಲ್ಲಿ ತಪ್ಪದೆ ಪ್ರಾರ್ಥನೆ. ಊಟಕ್ಕೆ ಕುಳಿತರೆ ಪಿಟೀಲು. ಕೈಮುಗಿದು ಕಣ್ಣು ಮುಚ್ಚಿದಾಗ ಈತ ತನ್ನನ್ನು ಯಾರೆಂದು ತಿಳಿದುಕೊಳ್ಳುತ್ತಿದ್ದ? ನನ್ನನ್ನು ಕಾಡಿದ ಪ್ರಶ್ನೆ ಇದು. ಕಡಲಿನ ಆಂಗ್ಲರ ದಡದಲ್ಲಿ ವೀರ, ಸ್ಪೇನಿನವರ ದಡದಲ್ಲಿ ಹಟಮಾರಿ ಮಕ್ಕಳನ್ನು ಹೆದರಿಸುವ ಗುಮ್ಮ. ಆದರೆ ನಡುಗಡಲಿನಲ್ಲಿ?

ಒಂದು ದಿನ ಮಾವನೇ ಕೇಳಿದ. “ಎಂತ ಓದ್ತಾ ಇದ್ಯ ಮಾಣಿ?”

ಹೇಳಿದೆ. ದೋಚಲು ಆತನಿಗೆ ತನ್ನ ದೇಶದ ರಾಣಿಯ ಒಪ್ಪಿಗೆಯೇ ಇತ್ತಂತೆ ಎಂದೂ ಹೇಳಿದೆ. ಮಾವನ ಕಿವಿ ನೆಟ್ಟಗಾಯಿತು.

“ಅಂದ್ರೆ ಪಾಸ್ ಇತ್ತು?”

“ಇತ್ತಡ. ಬರೆದು ಕೊಟ್ಟಿದ್ದೋ ಬಾಯಲ್ಲಿ ಹೇಳಿದ್ದೋ ಗೊತ್ತಿಲ್ಲೆ.”

“ಹಂಗಾದ್ರೆ ಅಂವ ಕಳ್ಳ ಅಲ್ಲ, ಕಂತ್ರಾಟುದಾರ!”

ಮಾವನ ಈ ಅಭಿಮಾನಕ್ಕೆ ಕಾರಣವಿತ್ತು. ಅವನದು ನಾಟಾ ವ್ಯಾಪಾರ. ಮರ ಕೊಯ್ಸಿ, ಲಾರಿಗೆ ಹೇರಿ, ಅರಬೈಲ್ ಘಾಟಿ ಇಳಿಸಿ ಅಂಕೋಲೆಗೆ ಕಳಿಸುವುದು. ಮುಂಬಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ದಾರಿಯಲ್ಲಿ ಲಾರಿ ತಡೆದು ನೋಡುವ ಅರಣ್ಯ ಇಲಾಖೆಯ ನಾಕಾ ಇದ್ದಲ್ಲೇ ಇತ್ತು. ಅಲ್ಲಿ ಪಾಸು ತೋರಿಸಿದರೆ ಅದು ನಾಟಾ, ತೋರಿಸದಿದ್ದರೆ ಕಳ್ಳನಾಟಾ. ಮರಕ್ಕೆ ಮಾತ್ರ ಈ ವ್ಯತ್ಯಾಸ ತಿಳಿಯದು. ಮಾವನ ಒಂದೇ ಪಾಸು ಎರಡೆರಡು ಸಲ ಘಾಟಿ ಇಳಿಯುತ್ತದೆಂದು ಅರಬೈಲಿನವರು ಆಡಿಕೊಳ್ಳುತ್ತಿದ್ದರು. ಶಾಲೆಗೆ ಬೆಂಚು ಮಾಡಿಸಿಕೊಟ್ಟ ಧರ್ಮಿಷ್ಠನೆಂದು ಮಂಚಿಕೇರಿಯವರು ಹೊಗಳುತ್ತಿದ್ದರು. ನಾನು ಎರಡೂ ಊರುಗಳಲ್ಲಿ ಉಂಡಿದ್ದೇನೆ. ಎರಡೂ ಕಡೆ ತಲೆಯಾಡಿಸಿದ್ದೇನೆ.

ಅಷ್ಟರಲ್ಲಿ ಮಾವನ ಮಗಳು ಸರೋಜಿಗೆ ಕೋಲಸಿರ್ಸಿಯ ಹೆಗಡೆಯವರ ಮನೆಯಿಂದ ಸಂಬಂಧ ಕೂಡಿಬಂತು. ಹುಡುಗ ಹುಡುಗಿ ಒಪ್ಪಿಯಾಗಿತ್ತು; ಹುಡುಗನ ತಂದೆ ಬಂದು ಹೂಂ ಅನ್ನುವುದೊಂದು ಬಾಕಿ. ಅರಬೈಲಿನ ಮಾತು ಅವರ ಕಿವಿಗೂ ಬಿದ್ದಿದೆಯೆಂದು ಅತ್ತೆಗೆ ಹೆದರಿಕೆ. ಅವರು ಬರುವ ದಿನ ಸರೋಜಿಗಂತೂ ನನ್ನದೇ ಹೆದರಿಕೆ.

“ಭಾವಾ, ಇವತ್ತೊಂದಿನ ನಿನ್ನ ಬಾಯಿಗೆ ಬೀಗ ಹಾಕು. ಈ ಸಂಬಂಧ ತಪ್ಪಿದ್ರೆ ಆನು ಜನ್ಮದಲ್ಲಿ ನಿನ್ನ ಮಾತಾಡ್ಸ್ತ್ನಿಲ್ಲೆ” ಎಂದಳು. ಕಣ್ಣಲ್ಲಿ ನೀರಿತ್ತು. ಹಾಕಿದೆ, ಬೀಗವನ್ನು.

ಅದನ್ನು ತೆಗೆಸಿದವರು ಹುಡುಗನ ತಂದೆ ಹೆಗಡೆಯವರೇ. ಆಸರಿ ಕುಡಿದು ಲೋಟ ಇಟ್ಟವರು, “ಎಂತೋ ಮಾಣಿ, ನೀನು ಭಾರಿ ಅಣಕು ಮಾಡ್ತ್ಯಡ! ಒಂಚೂರು ಮಾಡು, ನೋಡನ” ಎಂದರು.

ಊರಿನವರ ಸುದ್ದಿಯೇ ಬೇಡವೆಂದು ಕಡಲಾಚೆಯ ನಾವಿಕನನ್ನು ಆರಿಸಿಕೊಂಡೆ. ಹಡಗು ಬಂತು. ಸ್ಪೇನಿನವನೊಬ್ಬ ಅಡ್ಡಗಟ್ಟಿದ. ಸ್ಪೇನಿನವರ ದನಿ ನನ್ನಲ್ಲೆಲ್ಲಿದೆ? ನಾಕಾದ ಧಾರವಾಡ ಕಡೆಯ ಗಾರ್ಡನ ದನಿ ಹೊರಬಂತು: “ಏ, ಹಡಗಾ ನಿಲ್ಲಸ್ರೀ! ಪಾಸ್ ಐತೇನ್ರೀ?” ಹೆಗಡೆಯವರು ನಕ್ಕರು. ನನಗೆ ಹುರುಪೇರಿತು. ಈಗ ನಾವಿಕ ಉತ್ತರ ಕೊಡಬೇಕು. ಬಾಯಿ ತೆರೆದೆ, ಬಂದದ್ದು ಸಾಕ್ಷಾತ್ ಮಾವನ ದನಿ. “ಇದ್ದಲ ಮಾರಾಯಾ, ನಿನ್ನೆ ತೋರ್ಸಿದ್ದೇ ಪಾಸು!”

ಒಳಗೆ ಸರೋಜಿಯ ಬಳೆ ಸದ್ದು ನಿಂತಿತು. ಮಾವ ಮಾಡಿನ ಜಂತಿಗಳನ್ನು ನೋಡತೊಡಗಿದ. ಹೆಗಡೆಯವರ ನಗು ಅರ್ಧದಲ್ಲೇ ನಿಂತಿತ್ತು.

“ಆ ರಾಣಿ ಅಂವಂಗೆ ಎಂತ ಹೇಳ್ಚು?” ಎಂದು ಕೇಳಿದರು.

“ಹಡಗಿನ ಮೇಲೇ ಬಂದು ಸರದಾರ ಪದವಿ ಕೊಡಿಸ್ಚು” ಎಂದೆ, ಉಳಿದಿದ್ದ ನನ್ನ ಸ್ವಂತ ದನಿಯಲ್ಲಿ. “ಲೂಟಿಯಲ್ಲಿ ರಾಣಿಗೂ ಪಾಲು ಇತ್ತಡ.”

ಹೆಗಡೆಯವರು ಶಾಲು ಸರಿಪಡಿಸಿಕೊಂಡು ಮಾವನ ಕಡೆ ತಿರುಗಿದರು. “ನಮ್ಮನೆ ಹೊಸ ಮಾಳಿಗೆ ತೊಲೆ ನಿಂಗಳ ನಾಟಾನೇ ಅಲ್ದ? ಅಗ್ದಿ ಗಟ್ಟಿ ಇದ್ದು. ಯಾವ ಪಾಸಿಂದು ಹೇಳಿ ಆನೂ ಕೇಳಿದ್ನಿಲ್ಲೆ.”

ಮೊದಲು ಅವರು ನಕ್ಕರು. ಆಮೇಲೆ ಅತ್ತೆ. ಮಾವ ಮಾತ್ರ ಜಂತಿಯಿಂದ ಕಣ್ಣು ಕೆಳಗಿಳಿಸಿ, ನನ್ನನ್ನು ಒಮ್ಮೆ ಅಳೆದು, ಕಟ್ಟಕಡೆಗೆ ನಕ್ಕ. ಒಳಗೆ ಬಳೆ ಮತ್ತೆ ಸದ್ದು ಮಾಡಿತು.

ನಾವಿಕನ ವಿಷಯದಲ್ಲಿ ನಾನಿನ್ನೂ ತೀರ್ಮಾನಕ್ಕೆ ಬಂದಿಲ್ಲ. ಕೊನೆಗೆ ಆತ ಭೇದಿ ಹಿಡಿದು ಕಡಲಲ್ಲೇ ಸತ್ತನಂತೆ. ಸೀಸದ ಪೆಟ್ಟಿಗೆಯಲ್ಲಿಟ್ಟು ನೀರಿಗೆ ಬಿಟ್ಟರಂತೆ. ಯಾವ ದಡಕ್ಕೂ ಸೇರದೆ ಹೋದ. ಆದರೆ ಕಂಡವರ ದನಿ ಕದ್ದು ಬದುಕುವ ನನ್ನಂಥವನಿಗೆ ಒಂದು ಕಾಯಿದೆಯಂತೂ ಸಿಕ್ಕಿತು. ಯಾರ ದನಿಯನ್ನು ಎತ್ತುತ್ತೇನೋ ಅವರೇ ನಕ್ಕರೆ ಅದು ಪಾಸು; ಉಳಿದವರಷ್ಟೇ ನಕ್ಕರೆ ಕಳ್ಳನಾಟಾ. ಮಾವ ಅಂದು ಕೊಟ್ಟ ಪಾಸು ನನ್ನಲ್ಲಿ ಜೋಪಾನವಾಗಿದೆ. ಅದನ್ನು ಎರಡನೆಯ ಸಲ ತೋರಿಸಿಲ್ಲ. ಸರೋಜಿಯ ಮದುವೆ ಮುಗಿಯಲಿ.