ಲೂಸ್ ಮಾಸ್ಟರ್

ಬಸ್ ಡಿಪೋದ ಹಿಂಭಾಗದಲ್ಲಿ, ಟೈರುಗಳನ್ನು ಪೇರಿಸಿಡುವ ಕೋಣೆಗೂ ಕ್ಯಾಂಟೀನಿಗೂ ನಡುವೆ, ಒಂದೇ ಕಿಟಕಿಯ ಹೊಲಿಗೆ ಕೋಣೆಯೊಂದಿತ್ತು. ಡ್ರೈವರುಗಳ, ಕಂಡಕ್ಟರುಗಳ ಸಮವಸ್ತ್ರ ಹೊಲಿಯುವ ದರ್ಜಿ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಒಬ್ಬರೇ. ಸಂಬಳದ ಪಟ್ಟಿಯಲ್ಲಿ ಅವರಿಗೊಂದು ಹೆಸರಿದ್ದೇ ಇತ್ತು. ಆದರೆ ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರ ಬಾಯಲ್ಲೂ ಅವರು ಲೂಸ್ ಮಾಸ್ಟರ್.

ಡಿಪೋಗೆ ಬರುವ ಮುಂಚೆ ಅವರು ಪೇಟೆಯ ಅಂಗಡಿಯಲ್ಲಿ ಕೋಟು ಹೊಲಿಯುತ್ತಿದ್ದರು. ಮೈಗೆ ಅಂಟಿದ ಹಾಗೆ ಕೂರಿಸುವುದರಲ್ಲಿ ಎತ್ತಿದ ಕೈ. ಆ ಹಮ್ಮಿನಲ್ಲೇ ಮೊದಲ ತಿಂಗಳು ನಲವತ್ತು ಅಂಗಿ ಹೊಲಿದರು. ನಲವತ್ತರಲ್ಲಿ ಮೂವತ್ತು ಬೆನ್ನಲ್ಲೋ ಕಂಕುಳಲ್ಲೋ ಬಾಯಿ ಬಿಟ್ಟುಕೊಂಡು ವಾಪಸ್ ಬಂದವು. ಮಾಸ್ಟರಿಗೆ ತಲೆ ಎತ್ತದ ಹಾಗಾಯಿತು. ಒಂದು ಭಾನುವಾರ ಟಿಕೆಟ್ ತೆಗೆದುಕೊಂಡು ಬಸ್ಸು ಹತ್ತಿ, ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತು ಬೆಳಿಗ್ಗೆಯಿಂದ ಸಂಜೆಯವರೆಗೆ ಅವನ ಬೆನ್ನನ್ನೇ ನೋಡಿದರು. ದೊಡ್ಡ ತಿರುವು ಬಂದಾಗಲೆಲ್ಲ ಬೆನ್ನು ಅಂಗೈಯಗಲ ಹಿಗ್ಗುತ್ತಿತ್ತು. ನಿಂತ ಮನುಷ್ಯನ ಅಳತೆಯೇ ಬೇರೆ, ಬಸ್ಸು ಓಡಿಸುವವನ ಅಳತೆಯೇ ಬೇರೆ ಎಂಬುದು ಅವತ್ತು ಅವರಿಗೆ ತಿಳಿಯಿತು.

ಅಲ್ಲಿಂದ ಮುಂದೆ ಅವರು ಯಾರನ್ನೂ ನಿಲ್ಲಿಸಿ ಅಳತೆ ತೆಗೆದುಕೊಂಡವರಲ್ಲ. ಸ್ಟೂಲಿನ ಮೇಲೆ ಕೂರಿಸಿ, ಇಲ್ಲದ ಸ್ಟೇರಿಂಗು ತಿರುಗಿಸಲು ಹೇಳಿ, ತಿರುಗಿಸುತ್ತಿರುವಾಗಲೇ ಟೇಪು ಹಿಡಿಯುತ್ತಿದ್ದರು. ಕೊನೆಗೆ ಎಲ್ಲರಿಗೂ ಒಂದೇ ಪ್ರಶ್ನೆ: "ಇಲ್ಲಿ ಸ್ವಲ್ಪ ಲೂಸ್ ಬಿಡ್ಲಾ?" ಹೆಸರು ಅಂಟಿಕೊಂಡದ್ದು ಹೀಗೆ.

ಎದುರಿನ ಮೆಕ್ಯಾನಿಕ್ ಶೆಡ್ಡಿನಲ್ಲಿ ಅದೇ ಮಾತು ಬೈಗುಳಕ್ಕೆ ಸಮ. ಚಕ್ರದ ನಟ್ಟು ಲೂಸ್ ಎಂದರೆ ಯಾರದೋ ಗ್ರಹಚಾರ ಕೆಟ್ಟಿತು ಎಂದೇ ಅರ್ಥ. ಹೆಡ್‌ಲೈಟು ಕಣ್ಣು ಮಿಟುಕಿಸಿದರೆ ಎಲೆಕ್ಟ್ರಿಷಿಯನ್ ಬಗ್ಗಿ ನೋಡದೆಯೇ "ಲೂಸ್ ಕನೆಕ್ಷನ್" ಎಂದುಬಿಡುತ್ತಿದ್ದ. ಮಾಸ್ಟರ ಹೆಂಡತಿ ಅಂಗಡಿಯಿಂದ ಎಣ್ಣೆಯನ್ನು ಪ್ಯಾಕೆಟ್ಟಿನದಲ್ಲ, ಲೂಸೇ ತರುತ್ತಿದ್ದಳು. ಒಂದೇ ಮಾತು ಹೋದ ಹೋದ ಮನೆಯಲ್ಲಿ ಬೇರೆ ಬೇರೆ ನಂಟು ಬೆಳೆಸಿಕೊಂಡಿದೆಯಲ್ಲ ಎಂದು ಮಾಸ್ಟರ್ ಕಾಜಾ ಹಾಕುತ್ತಾ ಒಮ್ಮೊಮ್ಮೆ ಯೋಚಿಸುವುದಿತ್ತು. ಅದಕ್ಕೆ ಇನ್ನೊಂದು ಅರ್ಥ ಇರುವುದು ಅವರಿಗೂ ಗೊತ್ತಿತ್ತು. ಅದು ತನಗೆ ತಗುಲೀತು ಎಂದು ಮಾತ್ರ ಅನ್ನಿಸಿರಲಿಲ್ಲ.

ಆ ವರ್ಷ ಹೊಸ ಮ್ಯಾನೇಜರ್ ಬಂದರು. ಕೆಟ್ಟವರಲ್ಲ, ಎಲ್ಲವೂ ಶಿಸ್ತಾಗಿರಬೇಕು ಎನ್ನುವವರು. ಎರಡನೆಯ ವಾರ ಡಿಪೋ ಸುತ್ತುತ್ತಾ ಹೊಲಿಗೆ ಕೋಣೆಯ ಕಿಟಕಿಯ ಬಳಿ ನಿಂತರು. ಒಳಗೆ ಡುಮ್ಮಣ್ಣನೆಂದು ಹೆಸರಾದ ಡ್ರೈವರ್ ಕಣ್ಣು ಮುಚ್ಚಿಕೊಂಡು ಗಾಳಿಯಲ್ಲಿ ಎರಡೂ ಕೈ ತಿರುಗಿಸುತ್ತಿದ್ದ. ಅವನ ಬೆನ್ನ ಹಿಂದೆ ಮಾಸ್ಟರ್ ಮಂಡಿಯೂರಿ, "ಇನ್ನೂ ಬಲಕ್ಕೆ... ಬಲಕ್ಕೆ... ಈಗ ಬ್ರೇಕ್ ಹಾಕಿ" ಎನ್ನುತ್ತಿದ್ದರು.

ಮ್ಯಾನೇಜರ್ ಪಕ್ಕದಲ್ಲಿದ್ದ ಅಟೆಂಡರನ್ನು ಇವರು ಯಾರೆಂದು ಮೆಲ್ಲಗೆ ಕೇಳಿದರು.

"ಅವ್ರಾ ಸಾರ್? ಲೂಸ್ ಮಾಸ್ಟರ್" ಎಂದ ಅಟೆಂಡರ್.

ಮ್ಯಾನೇಜರ್ ಹೌದೌದು ಎನ್ನುವ ಹಾಗೆ ತಲೆಯಾಡಿಸಿ ಮುಂದೆ ಹೋದರು.

ನಾಲ್ಕು ದಿನದ ಮೇಲೆ ಮಾಸ್ಟರಿಗೆ ಒಂದು ಪತ್ರ ಬಂತು. ಇಂಗ್ಲಿಷಿನಲ್ಲಿತ್ತು. ಗುಮಾಸ್ತ ಓದಿ, ಬುಧವಾರ ಡಾಕ್ಟರ ಹತ್ತಿರ ಹೋಗಬೇಕಂತೆ ಎಂದಷ್ಟೇ ಹೇಳಿದ. ವರ್ಷಕ್ಕೊಮ್ಮೆ ಮಾಡುವ ಕಣ್ಣಿನ ಪರೀಕ್ಷೆ ಇರಬೇಕೆಂದುಕೊಂಡು ಮಾಸ್ಟರ್ ಕನ್ನಡಕ ಒರೆಸಿಕೊಂಡು ಹೋದರು.

ಡಾಕ್ಟರ್ ಮಧ್ಯವಯಸ್ಸಿನ ಹೆಂಗಸು. ಕಣ್ಣು ನೋಡಲಿಲ್ಲ. ನಿದ್ದೆ ಬರುತ್ತದೆಯೇ, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ವಿಚಾರಿಸಿದರು. ಆಮೇಲೆ ಪತ್ರ ನೋಡಿ, "ನಿಮ್ಮನ್ನ ಎಲ್ರೂ ಲೂಸ್ ಅಂತಾರಂತಲ್ಲ, ಯಾವಾಗಿಂದ?" ಎಂದರು.

"ಇಪ್ಪತ್ತೆರಡು ವರ್ಷ ಆಯ್ತು ಮೇಡಂ."

"ಈಚೆಗೆ ಜಾಸ್ತಿ ಆಗಿದೆಯಾ?"

"ಜಾಸ್ತಿನೇ ಮೇಡಂ. ಒಂದಿಂಚು ಬಿಡ್ತಿದ್ದ ಕಡೆ ಈಗ ಎರಡಿಂಚು ಬಿಡ್ಬೇಕು. ಎಲ್ರಿಗೂ ಹೊಟ್ಟೆ ಬಂದ್ಬಿಟ್ಟಿದೆ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಎರಡಿಂಚು ಏನು, ಹೊಟ್ಟೆ ಯಾರದು ಎಂದು ಒಂದೊಂದಾಗಿ ಕೇಳಿದರು. ಮಾಸ್ಟರ್ ಅಂಗಿ, ಸ್ಟೂಲು, ಸ್ಟೇರಿಂಗು ಎಲ್ಲ ಬಿಡಿಸಿ ಹೇಳಿದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಮಾಸ್ಟರೂ ಜೊತೆಗೆ ನಕ್ಕರು. ನಗುತ್ತಿದ್ದ ಹಾಗೆಯೇ, ತನ್ನನ್ನು ಇಲ್ಲಿಗೆ ಯಾಕೆ ಕಳಿಸಿದ್ದಾರೆಂಬುದು ಅವರಿಗೆ ಹೊಳೆಯಿತು. ಮುಖ ಬಾಡಿತು. ಡಾಕ್ಟರ್ ಅದನ್ನು ಗಮನಿಸಿ ನಗು ನಿಲ್ಲಿಸಿದರು. ಏನೂ ತಿಳಿದುಕೊಳ್ಳಬೇಡಿ ಎಂದು ಹೇಳಿ ಸರ್ಟಿಫಿಕೇಟ್ ಬರೆದುಕೊಟ್ಟರು.

ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಗಂಡನ ಮುಖ ನೋಡಿದಳು. ಕಾಗದ ಈಸಿಕೊಂಡು ತಿರುಗಿಸಿ ಮುರುಗಿಸಿ ನೋಡಿ, "ಫಿಟ್ ಅಂತ ಬರ್ದಿದಾರಲ್ರೀ, ಇನ್ನೇನು?" ಎಂದಳು.

"ಬರ್ದಿದಾರೆ. ಆದ್ರೆ ಅವತ್ತು ಕಿಟಕಿ ಹತ್ರ ಆ ಅಟೆಂಡರ್ ಸಾಹೇಬ್ರಿಗೆ ನನ್ನ ಹೆಸ್ರು ಹೇಳಿದ್ದು ನಂಗೂ ಕೇಳ್ಸಿತ್ತು. ಅದ್ಯಾಕೆ ಬಂತು ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ. ನನ್ನ ಕೈಯಲ್ಲಿ ಎಷ್ಟು ಅಂಗಿ ಹೊಲಿಸ್ಕೊಂಡಿದಾನೆ."

"ಅವನನ್ನೇ ಕೇಳಿ. ಇಲ್ಲಿ ನನ್ನ ಮುಂದೆ ಕೂತು ಕೊರಗಿದ್ರೆ ಅವನಿಗೆ ಕೇಳ್ಸುತ್ತಾ?"

ಮಾರನೆಯ ದಿನ ಮಾಸ್ಟರ್ ಅಟೆಂಡರನ್ನು ಕರೆದು, ಸಾಹೇಬರು ಕೇಳಿದಾಗ ಸರಿಯಾಗಿ ಯಾಕೆ ಹೇಳಲಿಲ್ಲ ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

"ಬೇರೆ ಅರ್ಥ ನನ್ ತಲೆಗೇ ಬರ್ಲಿಲ್ಲ ಮಾಸ್ಟರ್ರೇ. ನಮ್ಮಲ್ಲಿ ಲೂಸ್ ಅಂದ್ರೆ ನೀವೇ, ಇನ್ಯಾರು?" ಎಂದ ಅವನು. ಹೇಳಿದ ಮೇಲೆ ಅದು ಇನ್ನೂ ಎಡವಟ್ಟಾಯಿತೇನೋ ಎಂದು ನಾಲಿಗೆ ಕಚ್ಚಿಕೊಂಡ. ಮಾಸ್ಟರ್ ಹೋಗಲಿ ಬಿಡು ಎಂದರು. ಅವರ ಎದೆಯ ಮೇಲಿದ್ದ ಕಲ್ಲು ಅರ್ಧ ಇಳಿದಂತಾಯಿತು.

ಉಳಿದರ್ಧ ಇಳಿಸಿದವರು ಮ್ಯಾನೇಜರೇ. ಸರ್ಟಿಫಿಕೇಟಿನ ಜೊತೆಗೆ ಡಾಕ್ಟರ್ ಅವರಿಗೆ ಫೋನನ್ನೂ ಮಾಡಿದ್ದರಂತೆ. ಶನಿವಾರ ಮ್ಯಾನೇಜರ್ ಒಬ್ಬರೇ ಹೊಲಿಗೆ ಕೋಣೆಗೆ ಬಂದು, ತಪ್ಪು ತಿಳಿದುಕೊಂಡೆ ಎಂದು ನಿಂತುಕೊಂಡೇ ಹೇಳಿದರು. ಆಮೇಲೆ, ತಮಗೂ ಒಂದು ಅಂಗಿ ಆಗಬೇಕಿತ್ತು ಎಂದರು. ಮಾಸ್ಟರ್ ಸ್ಟೂಲು ಎಳೆದು, "ದಿನಾ ಏನು ಕೆಲ್ಸ ಮಾಡ್ತೀರೋ ಅದನ್ನ ಮಾಡಿ ಸಾರ್" ಎಂದರು. ಮ್ಯಾನೇಜರ್ ಸ್ವಲ್ಪ ಯೋಚಿಸಿ, ಮುಂದಕ್ಕೆ ಬಗ್ಗಿ, ಗಾಳಿಯಲ್ಲಿ ಸಹಿ ಹಾಕತೊಡಗಿದರು. ಮಾಸ್ಟರ್ ಬಲ ಭುಜದ ಮೇಲೆ ಟೇಪು ಇಟ್ಟರು.

ಸುದ್ದಿ ಹರಡಿ, ಡ್ರೈವರುಗಳು ಕೆಲವು ವಾರ ಬರೀ "ಮಾಸ್ಟರ್ರೇ" ಎಂದೇ ಕರೆದರು. ಮಾಸ್ಟರಿಗೆ ಅದು ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ಡುಮ್ಮಣ್ಣನೇ ಒಂದು ದಿನ ಮರೆತು ಹಳೆಯ ಹೆಸರು ಕೂಗಿದ. ಮಾಸ್ಟರ್ ಓಗೊಟ್ಟರು. ಆಮೇಲೆ ಎಲ್ಲರೂ ಮರೆತರು.

ಇನ್ನೂ ಆರು ವರ್ಷ ಕೆಲಸ ಮಾಡಿ ಮಾಸ್ಟರ್ ನಿವೃತ್ತರಾದರು. ಅವರ ಜಾಗಕ್ಕೆ ಬಂದ ಹೆಂಗಸಿಗೆ ಹಳೆಯ ಮಿಶಿನ್ನಿನ ಹಟಮಾರಿತನವನ್ನೆಲ್ಲ ತೋರಿಸಿಕೊಡಲು ಒಂದು ವಾರ ಸುಮ್ಮನೆ ಹೋಗಿ ಬಂದರು. ಅದರ ಮರುದಿನವೂ ಹೊರಟಿದ್ದರು. ಹೆಂಡತಿ ಬಾಗಿಲಲ್ಲಿ ಅಡ್ಡ ನಿಂತು, ಹನ್ನೊಂದು ವರ್ಷದಿಂದ ಕಪಾಟಿನಲ್ಲಿ ಮಡಿಸಿಟ್ಟಿದ್ದ ಪರದೆಯ ಬಟ್ಟೆಯನ್ನು ಕೈಗೆ ಕೊಟ್ಟಳು. ಮಾಸ್ಟರ್ ಚಪ್ಪಲಿ ಬಿಚ್ಚಿ ಒಳಗೆ ಬಂದು, ಕಿಟಕಿಯ ಅಳತೆ ತೆಗೆದುಕೊಂಡರು.